ಗುರುಶಿದ್ದಪ್ಪ ಮಾಸ್ತರರ ನಾಲ್ಕನೆಯ ಇಯತ್ತೆ

ಗುರುಶಿದ್ದಪ್ಪ ಮಾಸ್ತರರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗುವುದಕ್ಕೂ ಒಂದಿಷ್ಟು ಧೈರ್ಯ ಬೇಕು, ಅದು ಅವರಲ್ಲಿರಲಿಲ್ಲ. ಕುಡಿಯುತ್ತಿರಲಿಲ್ಲ, ಲಂಚ ಕೇಳುತ್ತಿರಲಿಲ್ಲ, ಹುಡುಗಿಯರ ಮೇಲೆ ಕೈಯೆತ್ತುತ್ತಿರಲಿಲ್ಲ. ಓಣಿಯಲ್ಲಿ ಎಮ್ಮೆ ಎದುರಾದರೆ ಅದಕ್ಕೆ ದಾರಿ ಬಿಟ್ಟು ತಾವು ಗಟಾರದ ಅಂಚಿಗೆ ನಿಲ್ಲುತ್ತಿದ್ದರು. ಇಂಥವರಿಂದ ಯಾರಿಗೆ ಏನು ಕೆಡುಕಾದೀತು ಎಂದು ಹಳೇ ಹುಬ್ಬಳ್ಳಿಯ ಜನ ಇಂದಿಗೂ ಕೇಳುತ್ತಾರೆ. ಆಗಿದೆ. ಹೇಳುತ್ತೇನೆ, ಕೇಳಿ.

ಮಾಸ್ತರರ ಊರು ಧಾರವಾಡದ ಹತ್ತಿರದ ಮುಗದ. ಒಕ್ಕಲುತನದ ಮನೆ. ಅಪ್ಪನಿಗೆ ಮೂವರು ಗಂಡುಮಕ್ಕಳು. ಹಿರಿಯರಿಬ್ಬರು ನೇಗಿಲು ಹಿಡಿದರು. ಮೂರನೆಯವರಿಗೆ ಎತ್ತುಗಳೆಂದರೆ ಅಂಜಿಕೆ. ಎತ್ತಿಗೆ ಅಂಜುವ ಒಕ್ಕಲಿಗನ ಮಗ ಮತ್ತೇನು ಮಾಡಬೇಕು, ಮಾಸ್ತರನಾಗಬೇಕು. ಬಿದ್ದೆದ್ದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದರು, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಒಂದು ವರ್ಷ ಕಲಿತರು, ಹುಬ್ಬಳ್ಳಿಗೆ ಬಂದರು. ಆಗಷ್ಟೇ ಸರಕಾರವು ಪಟ್ಟಣದ ಕನ್ನಡ, ಉರ್ದು, ಮರಾಠಿ ಶಾಲೆಗಳನ್ನೆಲ್ಲ ಒಂದೇ ಗಂಟು ಕಟ್ಟಿ ಸ್ಕೂಲ್ ಬೋರ್ಡಿನ ತಲೆಯ ಮೇಲಿಟ್ಟಿತ್ತು. ಬೋರ್ಡಿನಲ್ಲಿ ಇದ್ದವರು ಹತ್ತಿ ಅಡತಿಯವರು, ವಕೀಲರು, ಒಬ್ಬ ಎಣ್ಣೆ ವ್ಯಾಪಾರಿ. ಶಾಲೆಗಳು ಎಷ್ಟಿವೆ ಎಂದು ಕೇಳಿದರೆ ಗುಮಾಸ್ತನ ಮುಖ ನೋಡುವ ಜನ. ಅವರಿಗೆ ಬೇಕಾಗಿದ್ದದ್ದು ಗದ್ದಲ ಮಾಡದ ಮಾಸ್ತರರು. ಗುರುಶಿದ್ದಪ್ಪನವರು ಅದಕ್ಕಾಗಿಯೇ ಹುಟ್ಟಿ ಬಂದಂತಿದ್ದರು. ಹತ್ತೇ ವರ್ಷಗಳಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳ ಕನ್ನಡ ಶಾಲೆಗೆ ಮುಖ್ಯ ಮಾಸ್ತರರಾದರು.

ಆ ಶಾಲೆಯ ನಂಬರು ಹೇಳುವುದಿಲ್ಲ. ಹೇಳಿದರೆ ಉಳಿದ ಶಾಲೆಗಳವರು ತಾವು ಪಾರಾದೆವೆಂದು ಮೀಸೆ ತಿರುವುತ್ತಾರೆ. ಬಾಡಿಗೆಯ ಹಳೆಯ ವಾಡೆ, ಒಂದನೆಯ ಇಯತ್ತೆ ಕೂರುತ್ತಿದ್ದ ಜಾಗದಲ್ಲಿ ಹಿಂದೆ ದನ ಕಟ್ಟುತ್ತಿದ್ದರು. ಗೋದಲಿ ಇನ್ನೂ ಹಾಗೆಯೇ ಇತ್ತು, ಹುಡುಗಿಯರು ಅದರಲ್ಲಿ ಪಾಟಿ ಇಡುತ್ತಿದ್ದರು. ಒಂದರಿಂದ ಏಳನೆಯ ಇಯತ್ತೆಯವರೆಗೆ ಎಲ್ಲ ಅಲ್ಲಿಯೇ. ನನ್ನ ತಾಯಿ ದಾನವ್ವ ಆ ಶಾಲೆಯ ಆಯಾ. ಬೆಳಗಾದರೆ ಮನೆಮನೆಯ ಬಾಗಿಲಿಗೆ ಹೋಗಿ, ಬೈದು, ಮುದ್ದು ಮಾಡಿ, ಒಮ್ಮೊಮ್ಮೆ ಸೊಂಟದ ಮೇಲೆ ಹೊತ್ತು ಹುಡುಗಿಯರನ್ನು ಕರೆತರುವುದು ಆಕೆಯ ಕೆಲಸ. ಹೆಣ್ಣುಮಕ್ಕಳು ತಾವಾಗಿಯೇ ಶಾಲೆಗೆ ಬರುವ ಕಾಲವಲ್ಲ ಅದು. ನಾನು ಇಲ್ಲಿ ಹೇಳುವುದನ್ನೆಲ್ಲ ಅವ್ವ ಕಣ್ಣಾರೆ ಕಂಡಿದ್ದಾಳೆ, ಇಲ್ಲವೆ ಅದೇ ಬಾಗಿಲುಗಳಲ್ಲಿ ನಿಂತು ಕೇಳಿದ್ದಾಳೆ.

ಮಾಸ್ತರರಿಗೆ ದೇವರೆಂದರೆ ಭಕ್ತಿ, ಬೋರ್ಡೆಂದರೆ ಗೌರವ, ದಿಪೋಟಿಯೆಂದರೆ ಅಂಜಿಕೆ. ವರ್ಷಕ್ಕೊಮ್ಮೆ ಶಾಲೆಯ ತಪಾಸಣೆಗೆ ಬರುವ ಅಧಿಕಾರಿಯನ್ನು ಊರೆಲ್ಲ ದಿಪೋಟಿ ಸಾಹೇಬರೆಂದೇ ಕರೆಯುತ್ತಿತ್ತು. ಅವರು ಬರುವ ಸುದ್ದಿ ಬಂದರೆ ಸಾಕು, ಮಾಸ್ತರರಿಗೆ ಅನ್ನ ಸೇರುತ್ತಿರಲಿಲ್ಲ. ಗೋಡೆಗೆ ಸುಣ್ಣ, ಅಂಗಳಕ್ಕೆ ಸೆಗಣಿ, ಗಂಡುಮಕ್ಕಳ ಶಾಲೆಯಿಂದ ನಕಾಶೆ ಕಡ ತರುವುದು, ಎಲ್ಲವೂ ನಡೆಯುತ್ತಿತ್ತು. ಸಾಹೇಬರು ಏಳೂ ಇಯತ್ತೆಗಳನ್ನು ನೋಡುತ್ತಿರಲಿಲ್ಲ. ನಾಲ್ಕನೆಯ ಇಯತ್ತೆ ಪಾಸಾದವರಿಗೆ ಓದುಬರಹ ಬಂದಂತೆ ಎಂದು ಸರಕಾರ ಎಣಿಸುತ್ತಿದ್ದುದರಿಂದ ಅದೊಂದನ್ನು ಮಾತ್ರ ತಾವೇ ಪರೀಕ್ಷಿಸಿ, ಉಪ್ಪಿಟ್ಟು ತಿಂದು, ಶೆರಾ ಪುಸ್ತಕದಲ್ಲಿ ತಮ್ಮ ಅಭಿಪ್ರಾಯವನ್ನು ನಾಲ್ಕು ಸಾಲು ಗೀಚಿ ಟಾಂಗಾ ಹತ್ತುತ್ತಿದ್ದರು. ಆದ್ದರಿಂದ ಮಾಸ್ತರರು ನಾಲ್ಕನೆಯ ಇಯತ್ತೆಯನ್ನು ಬೇರೆ ಯಾರಿಗೂ ಬಿಡದೆ ತಾವೇ ಇಟ್ಟುಕೊಂಡಿದ್ದರು. ಉಳಿದ ಇಯತ್ತೆಗಳು ಮಳೆಗೆ ನೆನೆದರೂ ಸರಿ, ಬಿಸಿಲಿಗೆ ಒಣಗಿದರೂ ಸರಿ.

ಆ ಇಯತ್ತೆಯಲ್ಲಿ ಅವರದೊಂದು ಕಟ್ಟಳೆ ಇತ್ತು. ಸಾಹೇಬರು ಪ್ರಶ್ನೆ ಕೇಳಿದ ಕೂಡಲೇ ಎಲ್ಲ ಹುಡುಗಿಯರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ನೋಡುವವರಿಗೆ ಇಯತ್ತೆಗೆ ಇಯತ್ತೆಯೇ ಸರಸ್ವತಿ. ಮಾಸ್ತರರು ಬಲಗೈ ಎತ್ತಿದವಳೊಬ್ಬಳನ್ನು ಹುಡುಕಿ ಹೆಸರು ಹಿಡಿದು ಕರೆಯುತ್ತಿದ್ದರು. ಆಷಾಢದಿಂದ ಶುರುವಾದರೆ ಮಾಘದವರೆಗೆ ಈ ಕೈಗಳ ತಾಲೀಮು ನಡೆಯುತ್ತಿತ್ತು. ಮಗ್ಗಿಯನ್ನು ಅಷ್ಟು ತಿದ್ದಿದ್ದರೆ ಎಡಗೈ ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕಲಿಸುವುದು ಕಷ್ಟದ ಕೆಲಸ, ಕಲಿಸಿದಂತೆ ತೋರಿಸುವುದು ಅಷ್ಟು ಕಷ್ಟವಲ್ಲ.

ಈ ಇಯತ್ತೆಗೆ ಮದೀನಾಬಿ ಬಂದಳು. ಅವಳಿಗಾಗ ಹತ್ತು ವರ್ಷ. ಅಪ್ಪ ಕಾಸಿಮಸಾಬ ಪಿಂಜಾರ, ಅರಳೆ ಹಿಂಜಿ ಗಾದಿ ತುಂಬುವವನು. ಪಿಂಜಾರರ ಮನೆಯಲ್ಲಿ ಮಾತು ಕನ್ನಡವೇ ಆದ್ದರಿಂದ ಹುಡುಗಿ ಕನ್ನಡ ಶಾಲೆಗೇ ಬಂದಳು. ತಲೆಗೂದಲಲ್ಲಿ ಯಾವಾಗಲೂ ಅರಳೆಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸಲೀಸು. ಪದ್ಯವನ್ನು ಒಮ್ಮೆ ಕೇಳಿದರೆ ಬಾಯಿಪಾಠ. ಅಂಥ ಹುಡುಗಿಯನ್ನು ನೋಡಿದರೆ ಮಾಸ್ತರನಾದವನಿಗೆ ಸಂತೋಷವಾಗಬೇಕು. ಗುರುಶಿದ್ದಪ್ಪನವರಿಗೂ ಆಯಿತು. ಗಾಡಿಯವನಿಗೆ ಗಟ್ಟಿ ಎತ್ತು ಸಿಕ್ಕಾಗ ಆಗುವ ಸಂತೋಷ ಅದು.

ಮದೀನಾಳ ತಾಯಿ ತಾಜಬಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಅವಳ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಯರನ್ನು ಧಾರವಾಡದಲ್ಲಿ ಮಾಸ್ತರಬಾಯಿ ಕೆಲಸಕ್ಕೆ ತಯಾರು ಮಾಡುತ್ತಾರೆ, ಕಲಿಯುವಾಗಲೇ ಸರಕಾರ ಖರ್ಚಿಗೆ ಕೊಡುತ್ತದೆ ಎಂದು ಅವಳಿಗೆ ಹೇಳಿದವಳು ನಮ್ಮವ್ವನೇ. ತಡೆ ಒಂದೇ. ಕಾಸಿಮಸಾಬನ ಅಣ್ಣ ಗುಲಾಬಸಾಬ ಗಣೇಶಪೇಟೆಯಲ್ಲಿ ಗಾದಿ ಅಂಗಡಿ ಇಟ್ಟಿದ್ದ. ತಮ್ಮನಿಗೆ ಕೆಲಸ ಕೊಡುತ್ತಿದ್ದವನೂ ಅವನೇ. ತನ್ನ ಮಗನಿಗೆ ಮದೀನಾಳನ್ನು ತಂದುಕೊಳ್ಳುವುದಾಗಿ ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ತಾಜಬಿ ಅತ್ತು ಕರೆದು ಒಂದು ಒಪ್ಪಂದ ಮಾಡಿಕೊಂಡಿದ್ದಳು: ಹುಡುಗಿಗೆ ಹದಿನಾಲ್ಕು ತುಂಬುವವರೆಗೆ ಮದುವೆಯ ಮಾತು ಎತ್ತಬಾರದು. ಅಷ್ಟರೊಳಗೆ ಮುಲ್ಕಿ ಆದರೆ ಮುಂದಿನದು ನೋಡೋಣ, ಆಗದಿದ್ದರೆ ನಿಖಾ. ಹತ್ತಕ್ಕೆ ನಾಲ್ಕನೆಯ ಇಯತ್ತೆ ಮುಗಿದರೆ ಹದಿಮೂರಕ್ಕೆ ಏಳು ಮುಗಿಯುತ್ತದೆ. ಓದು ಬಾರದ ತಾಜಬಿ ಈ ಲೆಕ್ಕವನ್ನು ದಿನವೂ ಬೆರಳ ಮೇಲೆ ಮಾಡುತ್ತಿದ್ದಳು.

ಮೊದಲ ವರ್ಷ ದಿಪೋಟಿ ಬಂದರು. ಎಲ್ಲ ಕೈಗಳೂ ಮೇಲೆದ್ದವು. ಕಠಿಣ ಪ್ರಶ್ನೆಗಳಿಗೆ ಬಲಗೈ ಒಂದೇ, ಮದೀನಾಳದು. ಸಾಹೇಬರು ಬೆನ್ನು ಚಪ್ಪರಿಸಿದರು, ಶೆರಾ ಚೆನ್ನಾಗಿ ಬಿತ್ತು, ಬೋರ್ಡಿನಲ್ಲಿ ಮಾಸ್ತರರ ಹೆಸರು ಬಂತು. ವಾರ್ಷಿಕ ಫಲಿತಾಂಶ ಹೇಳುವ ದಿನ ಮಾಸ್ತರರು ಮದೀನಾಳನ್ನು ನಾಪಾಸು ಮಾಡಿದರು.

ತಪ್ಪು ಓದಿಕೊಂಡಿಲ್ಲ ನೀವು. ನಾಪಾಸು ಮಾಡಿದರು. ಎಡಗೈ ಎತ್ತಿದವರೆಲ್ಲ ಐದನೆಯ ಇಯತ್ತೆಗೆ ಹೋದರು, ಬಲಗೈ ಎತ್ತಿದವಳು ಅಲ್ಲಿಯೇ ಉಳಿದಳು. ಅವಳೂ ಹೋಗಿಬಿಟ್ಟರೆ ಮುಂದಿನ ವರ್ಷ ಸಾಹೇಬರ ಮುಂದೆ ಬಾಯಿ ಬಿಡುವವರು ಯಾರು?

ತಾಜಬಿ ಬುರಖಾ ಹೊದ್ದು ಶಾಲೆಗೆ ಬಂದಳು. ಮಾಸ್ತರರು ಅವಳನ್ನು ನಿಲ್ಲಿಸಿ ಮಾತಾಡಿಸಲಿಲ್ಲ, ಚಾಪೆ ಹಾಕಿಸಿ ಕೂರಿಸಿದರು. ಅವರ ಸಭ್ಯತೆಯ ಬಗ್ಗೆ ಎರಡು ಮಾತಿಲ್ಲ.

"ಪಾಯಾ ಗಟ್ಟಿ ಆಗಬೇಕವಾ ತಾಜಬಿ," ಎಂದರು. "ಪಾಯಾ ಹಸಿ ಇದ್ದಾಗ ಗ್ವಾಡಿ ಏರಿಸಿದ್ರ ಏನಾಕ್ಕೈತಿ? ಬೀಳತೈತಿ. ಒಂದ್ ವರ್ಷ ತಡೀರಿ, ಮುಂದ ಕುದುರಿ ಓಡಿಧಂಗ ಓಡತಾಳ."

"ಲೆಕ್ಕಾ ಎಲ್ಲಾ ಬರತಾವಂತಲ್ರಿ ಆಕಿಗೆ?"

"ಬರತಾವವಾ, ಬರತಾವು. ಬಂದದ್ದು ಗಟ್ಟಿ ನಿಂದರಬೇಕಲ್ಲ."

ಮೂಗಿಗೆ ತುಪ್ಪ ಸವರಿ ಕಳಿಸುವುದೆಂದರೆ ಇದು. ತಾಜಬಿ ಮಾಸ್ತರರ ಮಾತನ್ನು ನಂಬಿದಳು. ಅವಳ ಲೆಕ್ಕದಲ್ಲಿ ಇನ್ನೂ ಒಂದು ವರ್ಷ ಸಡಿಲವಿತ್ತು, ಅದು ಹೋಯಿತು.

ಎರಡನೆಯ ವರ್ಷ ಬೇರೆ ದಿಪೋಟಿ ಬಂದರು, ವಯಸ್ಸಿನಲ್ಲಿ ಸಣ್ಣವರು, ಚಸ್ಮಾದವರು. ಮತ್ತೆ ಅದೇ ಕೈಗಳು, ಅದೇ ಮದೀನಾ, ಅದೇ ಶಹಬಾಸಗಿರಿ. ಮತ್ತೆ ನಾಪಾಸು. ಈ ಸಲ ತಾಜಬಿ ಚಾಪೆಯ ಮೇಲೆ ಕೂರಲಿಲ್ಲ. ಗಂಡನನ್ನು ಕರೆದುಕೊಂಡು ನೇರವಾಗಿ ಬೋರ್ಡಿನ ಮೆಂಬರ ಅಬ್ದುಲಗನಿಯ ಅಂಗಡಿಗೆ ಹೋದಳು. ಅಬ್ದುಲಗನಿ ಎಣ್ಣೆ ವ್ಯಾಪಾರಿ. ಚುನಾವಣೆಯಲ್ಲಿ ಪಿಂಜಾರ ಓಣಿಯ ಮನೆಮನೆಯ ಬಾಗಿಲಿಗೂ ಬಂದು ಸಲಾಮು ಹೊಡೆದವನು. ಈಗ ಕಾಸಿಮಸಾಬನನ್ನು ನೋಡಿ, ಗಾದಿ ಹರಿದಿದೆಯೆಂದು ತಾನೇ ಹೇಳಿಕಳಿಸಿದ್ದೆನೇನೋ ಎಂದುಕೊಂಡ. ವಿಷಯ ಕೇಳಿದ ಮೇಲೆ ಹಲ್ಲುಕಡ್ಡಿ ಹಾಕಿಕೊಳ್ಳುತ್ತ, "ಮಾಸ್ತರು ಭಾಳ ಸಂಭಾವಿತರು. ಅವ್ರು ಮಾಡಿದ್ದು ಹುಡುಗಿ ಹಿತಕ್ಕ ಇರತೈತಿ. ನಡೀರಿ, ನಾ ಹೇಳತೇನಿ," ಎಂದ. ಹೇಳಲಿಲ್ಲ. ಹೇಳಿದ್ದರೂ ಏನೂ ಆಗುತ್ತಿರಲಿಲ್ಲ, ಏಕೆಂದರೆ ಅವನ ವಾರ್ಡಿನ ಶಾಲೆಗೆ ಬಿದ್ದ ಆ ಚೆಂದದ ಶೆರಾ ಬೋರ್ಡಿನ ಸಭೆಯಲ್ಲಿ ಅವನ ಕಾಲರನ್ನೂ ಮೇಲೆತ್ತಿತ್ತು.

ಆ ಸಂಜೆ ಅವ್ವ ತಾಜಬಿಯ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದು ಮಾತು ಅಂದಳು. ಅವಳಿಗೆ ಬಾಯಿ ಸ್ವಲ್ಪ ಚುರುಕು.

"ತಾಜಬಿ, ಆ ಸಾಲ್ಯಾಗ ದಡ್ಡ ಹುಡುಗ್ಯಾರು ಮುಂದ ಹೊಂಟಾವು, ನಿನ್ನ ಮಗಳು ನಿಂತಲ್ಲೇ ನಿಂತಾಳ. ಶ್ಯಾಣೇತನ ಒಂದೀಟು ಕಡಿಮಿ ಮಾಡಕೊ ಅಂತ ಹೇಳು ಆಕಿಗೆ."

ಅವಳು ಹೊಟ್ಟೆಯುರಿಗೆ ಅಂದದ್ದು. ಒಳಗೆ ಅರಳೆ ಬಿಡಿಸುತ್ತಿದ್ದ ಮದೀನಾ ಅದನ್ನು ಕೇಳಿಸಿಕೊಂಡಳು.

ಮೂರನೆಯ ವರ್ಷ ಬಂತು. ಮದೀನಾ ಈಗ ಇಯತ್ತೆಯಲ್ಲಿ ಎಲ್ಲರಿಗಿಂತ ಎತ್ತರ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಗುಲಾಬಸಾಬನ ಮನೆಯವರು ಆಗಲೇ ಹಬ್ಬಕ್ಕೆ ಬಂದಾಗ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೋಗಿದ್ದರು. ಬೆರಳ ಮೇಲಿನ ಲೆಕ್ಕ ಆಗಲೇ ಒಂದು ವರ್ಷ ಮೀರಿತ್ತು. ಈ ವರ್ಷವೂ ಅಲ್ಲಿಯೇ ಉಳಿದರೆ ಎಲ್ಲ ಮುಗಿಯಿತೆಂದು ತಾಜಬಿಗೆ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

ಅದೇ ಚಸ್ಮಾದ ದಿಪೋಟಿ ಬಂದರು. ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಸುಲಭದ ಎರಡು ಪ್ರಶ್ನೆ ಕೇಳಿ ಮೂರನೆಯದಕ್ಕೆ, "ಹದಿನೇಳ ಆರಲೆ ಎಷ್ಟು?" ಎಂದರು.

ಕೈಗಳೆಲ್ಲ ಎದ್ದವು. ಮಾಸ್ತರರು ಕಣ್ಣು ಹಾಯಿಸಿದರು. ಎಡಗೈ, ಎಡಗೈ, ಎಡಗೈ. ಹಿಂದಿನ ಸಾಲಿನ ಕೊನೆಗೆ ನೋಡಿದರೆ ಅಲ್ಲಿಯೂ ಎಡಗೈ. ಹುಡುಗಿ ಗಡಬಡಿಸಿ ಕೈ ತಪ್ಪಿಸಿರಬೇಕು ಎಂದುಕೊಂಡರು. ಎರಡು ವರ್ಷ ನಂಬಿದ ಎತ್ತು ಮೂರನೆಯ ವರ್ಷ ಎಲ್ಲಿಗೆ ಹೋದೀತು?

"ಮದೀನಾಬಿ, ನೀ ಹೇಳು."

ಮದೀನಾ ಎದ್ದು ನಿಂತಳು. "ನನಗ ಬರಂಗಿಲ್ರಿ, ಸರ. ಅದಕ್ಕ ಎಡಗೈ ಎತ್ತೇನಿ."

ದಿಪೋಟಿ ಚಸ್ಮಾ ತೆಗೆದರು. "ಏನದು ಎಡಗೈ?"

ಮುಂದಿನ ಸಾಲಿನಲ್ಲಿದ್ದ ಹುಲಿಗೆವ್ವ ಎಂಬ ಪುಟ್ಟ ಹುಡುಗಿಗೆ ತನಗೆ ಗೊತ್ತಿರುವ ಪ್ರಶ್ನೆಯನ್ನು ಮೊದಲ ಸಲ ಸಾಹೇಬರು ಕೇಳಿದಂತಾಯಿತು. ಹಿಗ್ಗಿ ಎದ್ದು ನಿಂತು, "ಬಂದ್ರ ಬಲಗೈ, ಬರಲಿಲ್ಲಂದ್ರ ಎಡಗೈ ರಿ ಸಾಹೇಬ್ರ. ಮಾಸ್ತರು ಕಲಿಸ್ಯಾರ," ಎಂದು ರಾಗವಾಗಿ ಹೇಳಿ ಕೂತಳು.

ಗಂಡಸಾದವನು ಆಗ ತಪ್ಪಾಯಿತೆನ್ನುತ್ತಿದ್ದ. ಗುರುಶಿದ್ದಪ್ಪನವರು ಹಾಜರಿ ಪುಸ್ತಕ ತೆರೆದರು. "ಈ ಹುಡುಗಿ ದಡ್ಡ ಅದಾಳ್ರಿ ಸಾಹೇಬ್ರ. ನೋಡ್ರಿ ಇಲ್ಲಿ, ಎರಡ ಸಲ ನಾಪಾಸು. ಏನೇನೋ ಮಾತಾಡತಾಳ." ಎರಡು ವರ್ಷ ಆ ಹುಡುಗಿಯ ಅನ್ನ ಉಂಡ ಬಾಯಿ ಅದು! ಈ ಮಾತು ಬರೆಯುವಾಗ ಇಷ್ಟು ವರ್ಷಗಳ ಮೇಲೂ ನನ್ನ ಮೈ ಉರಿಯುತ್ತದೆ.

ದಿಪೋಟಿ ಹುಡುಗಿಯನ್ನು ದಿಟ್ಟಿಸಿ ನೋಡಿದರು. "ಹ್ವಾದ ವರ್ಷ ನನ್ನ ಮುಂದ ಬಡ್ಡಿ ಲೆಕ್ಕಾ ಬಾಯಿಲೆ ಮಾಡಿದಾಕಿ ಇಕಿನ ಅಲ್ಲೇನು? ಇಲ್ಲೆ ಬಾ ತಂಗಿ. ಖರೇ ಹೇಳು, ನಿನಗ ಬರತದೋ ಇಲ್ಲೋ?"

ಮದೀನಾ ಒಮ್ಮೆ ಮಾಸ್ತರರನ್ನು, ಒಮ್ಮೆ ಸಾಹೇಬರನ್ನು ನೋಡಿದಳು.

"ಸಾಹೇಬ್ರ, ಬರತೈತಿ ಅಂದ್ರ ಐದನೇ ಇಯತ್ತೆಗೆ ಹಾಕ್ತೀರೇನ್ರಿ, ಬರಂಗಿಲ್ಲ ಅಂದ್ರ ಹಾಕ್ತೀರೇನ್ರಿ? ನೀವು ಹೇಳ್ರಿ. ಹಂಗ ಹೇಳತೇನಿ."

ದಿಪೋಟಿಗೆ ಎಲ್ಲ ಅರ್ಥವಾಯಿತು. ಬುದ್ಧಿಯೇನೋ ಇತ್ತು ಆ ಮನುಷ್ಯನಿಗೆ. "ಬರತದ ಅಂತ ಹೇಳು," ಎಂದರು ಮೆಲ್ಲಗೆ. ಹುಡುಗಿ ನೂರಾ ಎರಡು ಎಂದಳು. ಬಡ್ಡಿ ಲೆಕ್ಕ ಕೇಳಿದರು, ಮಾಡಿದಳು. ಏಳನೆಯ ಇಯತ್ತೆಯ ಪುಸ್ತಕ ತರಿಸಿ ಓದಿಸಿದರು, ಓದಿದಳು. ಸಾಹೇಬರು ಮಾಸ್ತರರ ಕಡೆ ತಿರುಗಿ, ಈ ಹುಡುಗಿ ನಾಳೆಯಿಂದಲೇ ಐದನೆಯ ಇಯತ್ತೆಯಲ್ಲಿ ಕೂರಬೇಕು, ಐದೂ ಆರೂ ಒಂದೇ ವರ್ಷದಲ್ಲಿ ಮುಗಿಸಬೇಕು, ಬರುವ ವರ್ಷ ನಾವೇ ಬಂದು ಇವಳನ್ನು ಖುದ್ದು ಪರೀಕ್ಷಿಸುತ್ತೇವೆ ಎಂದು ಹೇಳಿದರು.

ಆದರೆ ಶೆರಾ ಪುಸ್ತಕದಲ್ಲಿ ಎಡಗೈಯ ಸಂಗತಿ ಬರೆಯಲಿಲ್ಲ. ಹೋದ ವರ್ಷ ಇದೇ ಇಯತ್ತೆಯನ್ನು ಹೊಗಳಿ ಬರೆದವರು ತಾವೇ ಅಲ್ಲವೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಕೆಲಸ ಸಮಾಧಾನಕರ" ಎಂದು ಬರೆದು, ಉಪ್ಪಿಟ್ಟು ತಿಂದು ಹೋದರು.

ಆ ದಿನ ತಾಜಬಿಯ ಮನೆಯಲ್ಲಿ ಸಕ್ಕರೆ ಹಂಚಿದರು. ನಮ್ಮ ಮನೆಗೂ ಬಂತು. ಅವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು ಅತ್ತಳು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಆಗ ಯಾರಿಗೂ ನೆನಪಾಗಲಿಲ್ಲ.

ಮಾಸ್ತರರಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ನಾನು ಅವರನ್ನು ಅರ್ಧ ಕ್ಷಮಿಸುತ್ತಿದ್ದೆ. ಅವರಿಗೆ ಅಂಜಿಕೆ ಬಂದಿತ್ತು. ಬರುವ ವರ್ಷ ಸಾಹೇಬರು ಬಂದು ಮೊದಲು ಕೇಳುವುದು ಈ ಹುಡುಗಿಯನ್ನು. ಅವಳು ಸಾಹೇಬರ ಮುಂದೆ ನಿಂತು ಇನ್ನೇನು ಹೇಳುತ್ತಾಳೋ! ಪಟ್ಟಣದ ನಡುವಿನ ದೊಡ್ಡ ಶಾಲೆಯ ಮುಖ್ಯ ಮಾಸ್ತರರ ಜಾಗ ಖಾಲಿಯಾಗುವುದರಲ್ಲಿತ್ತು, ಬೋರ್ಡಿನವರು ಇವರ ಹೆಸರು ಆಡುತ್ತಿದ್ದರು. ಈ ಚಿಂತೆಯಲ್ಲಿ ಮಾಸ್ತರರು ಸೊರಗಿದರು. ಹದಿನೈದು ದಿನ ಕಳೆದ ಮೇಲೆ ಅವರಿಗೆ ಹೊಸದೊಂದು ಗಾದಿ ಬೇಕೆನಿಸಿತು.

ಹಳೇ ಹುಬ್ಬಳ್ಳಿಯಲ್ಲಿ ಗಾದಿ ತುಂಬುವವರಿಗೆ ಬರವಿರಲಿಲ್ಲ. ಮಾಸ್ತರರು ಗಣೇಶಪೇಟೆಯವರೆಗೆ ನಡೆದು ಗುಲಾಬಸಾಬನ ಅಂಗಡಿಗೇ ಹೋದರು. ಅರಳೆ ಹಿಸುಕಿ ನೋಡಿದರು, ಬಟ್ಟೆ ಆರಿಸಿದರು, ಚಹಾ ಕುಡಿದರು. ಆಮೇಲೆ ಮನೆಯ ಹಿರಿಯರಂತೆ ದನಿ ತಗ್ಗಿಸಿದರು. ಅಲ್ಲಿ ಆಡಿದ ಮಾತನ್ನು ಗುಲಾಬಸಾಬನೇ ಮುಂದೆ ಊರೆಲ್ಲ ಹೇಳಿಕೊಂಡು, ಮಾಸ್ತರರ ಮನಸ್ಸು ಎಷ್ಟು ದೊಡ್ಡದು ಎಂದು ಕೊಂಡಾಡಿದ.

"ನಿಮ್ಮ ತಮ್ಮನ ಮಗಳು ಈಗ ಸಣ್ಣಾಕಿ ಅಲ್ಲ, ಗುಲಾಬಸಾಬ್ರ. ನಾ ಮಾಸ್ತರ ಅಂತ ಅಲ್ಲ, ತಂದಿ ಸ್ಥಾನದಾಗ ನಿಂತು ಹೇಳತೇನಿ. ಪರಗಂಡಸರ ಮುಂದ ನಿಂತು ವಾದಾ ಮಾಡತಾಳ. ಮೊನ್ನೆ ದಿಪೋಟಿ ಸಾಹೇಬ್ರಿಗೇ ಎದುರ ಮಾತಾಡಿದ್ಳು. ನಾಳೆ ಓಣ್ಯಾಗ ನಾಕ ಮಂದಿ ನಾಕ ಥರಾ ಅಂತಾರ. ನಿಮ್ಮ ಮನಿತನ ಮರ್ಯಾದಸ್ತ ಮನಿತನ."

"ಹದಿನಾಕ ತುಂಬಬೇಕಲ್ರಿ ಮಾಸ್ತರ? ಕಾಯ್ದೆ ಬಂದೈತಿ ಅಂತಾರ."

"ಸಾಲಿ ಪುಸ್ತಕದಾಗ ವಯಸ್ಸು ಬರಿಯಾವ್ರು ಯಾರು? ನಾನ. ತುಂಬ್ಯಾವು ಅಂತ ನಾ ದಾಖಲೆ ಕೊಡತೇನಿ, ತಗೋರಿ. ಅದರ ಚಿಂತಿ ನಿಮಗ ಬ್ಯಾಡ."

ಗಾದಿಗೆ ಅವರು ದುಡ್ಡು ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಹುಡುಗಿಯ ಬಾಳನ್ನು ತುಂಬಿಸಿ ತಂದ ಆ ಗಾದಿಯ ಮೇಲೆ ಅವರಿಗೆ ಸುಖವಾಗಿ ನಿದ್ದೆ ಬಂತೆಂಬುದು ಮಾತ್ರ ಗೊತ್ತು. ಮರುದಿನವೇ ಗುಲಾಬಸಾಬ ತಮ್ಮನ ಮನೆಗೆ ಬಂದು ಕೂತ. ತಾಜಬಿ ಅವನ ಕಾಲಿಗೆ ಬಿದ್ದಳು. ಒಂದೇ ವರ್ಷದಲ್ಲಿ ಎರಡು ಇಯತ್ತೆ ಆಗುತ್ತವೆ, ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ ಎಂದಳು. "ಸಾಹೇಬ ಇವತ್ತ ಬರತಾನ, ನಾಳೆ ಹೋಗತಾನ. ಇಲ್ಲೇ ಇರಾವ್ರು ಮಾಸ್ತರು. ಅವ್ರ ಹೇಳಿದ ಮ್ಯಾಲೆ ಮುಗೀತು," ಎಂದ ಗುಲಾಬಸಾಬ. ಕಾಸಿಮಸಾಬ ಬಾಯಿ ತೆರೆಯಲಿಲ್ಲ. ಅಣ್ಣನ ಅಂಗಡಿಯ ಅರಳೆ ಹಿಂಜಿ ಬದುಕುವವನು ಅಣ್ಣನ ಮುಂದೆ ಏನು ಮಾತಾಡಿಯಾನು? ಅವನ ಮೇಲೂ ನನಗೆ ಮರುಕವಿಲ್ಲ.

ಮದೀನಾ ಐದನೆಯ ಇಯತ್ತೆಯಲ್ಲಿ ಕೂತದ್ದು ಒಂದು ತಿಂಗಳೂ ಅಲ್ಲ. ಬಿಡಿಸಿಕೊಂಡು ಹೋಗುವ ದಿನ ಮಾಸ್ತರರು ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರಂತೆ. ಕಣ್ಣಲ್ಲಿ ನೀರೂ ಬಂದಿತ್ತಂತೆ. ಅಂಜುಬುರುಕರಿಗೆ ಅಪಾಯ ದಾಟಿದ ಮೇಲೆ ಕಣ್ಣೀರು ಬೇಗ ಬರುತ್ತದೆ. ನಿಖಾ ಆಯಿತು. ಹುಡುಗಿ ಗಣೇಶಪೇಟೆಗೆ ಹೋದಳು.

ಮರುವರ್ಷ ದಿಪೋಟಿ ಬರುವಷ್ಟರಲ್ಲಿ ಪ್ರಾಂತದಲ್ಲಿ ಹೊಸ ಮಂತ್ರಿಮಂಡಲ ಬಂದಿತ್ತು. ಮಾಸ್ತರರು ರುಮಾಲನ್ನು ಗೂಟಕ್ಕೆ ಹಾಕಿ ಬಿಳಿ ಖಾದಿ ಟೋಪಿ ಇಟ್ಟುಕೊಂಡಿದ್ದರು. ಗಾಳಿ ತಿರುಗಿದರೆ ಇರಲಿ ಎಂದು ರುಮಾಲನ್ನು ಮಾತ್ರ ದಿನವೂ ಝಾಡಿಸಿ ಇಡುತ್ತಿದ್ದರು. ಸಾಹೇಬರು ಟಾಂಗಾದಿಂದ ಇಳಿದವರೇ, "ಎಲ್ಲದಾಳ ನಮ್ಮ ಆ ಹುಡುಗಿ?" ಎಂದು ಕೇಳಿದರು.

ಮಾಸ್ತರರು ನಿಟ್ಟುಸಿರು ಬಿಟ್ಟರು. "ಮದುವಿ ಮಾಡಿ ಕಳಿಸಿಬಿಟ್ಟಾರ್ರಿ ಸಾಹೇಬ್ರ. ನಾ ಎಷ್ಟ ಹೇಳಿದ್ರೂ ಕೇಳಲಿಲ್ಲ. ಏನ್ ಮಾಡೂದ್ರಿ, ಈ ಜನಾ ಸುಧಾರಸೂದಿಲ್ಲ."

ಅವ್ವ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಆ ನೀರನ್ನು ಮಾಸ್ತರರ ಮೋರೆಗೆ ಎರಚಬೇಕೆನಿಸಿತೆಂದು ಮನೆಗೆ ಬಂದು ಹೇಳಿದಳು. ದಿಪೋಟಿ ತಲೆಯಾಡಿಸಿದರು. ಎರಡು ಓಣಿ ದಾಟಿ ಹೋಗಿ ಆ ತಾಯಿಯನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಈ ಭಾಗದ ತಾಯಿತಂದೆಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಇರುವ ಔದಾಸೀನ್ಯವು ವಿಷಾದಕರ, ಮುಖ್ಯ ಮಾಸ್ತರರ ಪ್ರಯತ್ನ ಶ್ಲಾಘನೀಯ ಎಂದು ಶೆರಾ ಬರೆದರು.

ಬೋರ್ಡಿನ ಸಭೆಯಲ್ಲಿ ಅದನ್ನು ಓದಿದರು. ಮೆಂಬರರೆಲ್ಲ ಔದಾಸೀನ್ಯಕ್ಕಾಗಿ ಬಹಳ ಮರುಗಿದರು. ಅಬ್ದುಲಗನಿ ಎಲ್ಲರಿಗಿಂತ ಹೆಚ್ಚು ಮರುಗಿದ. ಕೊನೆಗೆ ತಾಯಂದಿರಿಗೆ ತಿಳುವಳಿಕೆ ಕೊಡುವ ಕರಪತ್ರವೊಂದನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚಬೇಕೆಂದು ಠರಾವಾಯಿತು. ಬರೆಯುವ ಕೆಲಸ ಯಾರಿಗೆ? ಗುರುಶಿದ್ದಪ್ಪ ಮಾಸ್ತರರಿಗೇ. ನಾನು ಆಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆ. ಆ ಕರಪತ್ರದ ಒಂದೊಂದು ಅಕ್ಷರವನ್ನೂ ನನ್ನ ಕೈಯಾರೆ ಜೋಡಿಸಿದ್ದೇನೆ, ಆದ್ದರಿಂದ ಅದು ನನಗೆ ಇಂದಿಗೂ ಬಾಯಿಪಾಠ. ಹಂಚುವ ಕೆಲಸ ಅವ್ವನಿಗೆ ಬಂತು.

ಅವ್ವ ತಾಜಬಿಯ ಮನೆಯನ್ನು ಬಿಟ್ಟು ಮುಂದೆ ಹೋಗಬೇಕೆಂದಿದ್ದಳು. ತಾಜಬಿಯೇ ಕರೆದಳು. ಹಬ್ಬಕ್ಕೆಂದು ತವರಿಗೆ ಬಂದ ಮದೀನಾ ಒಳಗೆ ದಿಂಬಿಗೆ ಅರಳೆ ತುಂಬುತ್ತಿದ್ದಳು.

"ಏನದು ಕಾಗದ, ದಾನವ್ವಾ? ಮನಿಮನಿಗೆ ಕೊಡಾಕತ್ತೀಯಂತ. ನಮಗ ಯಾಕಿಲ್ಲ?" ಎಂದು ತಾಜಬಿ ಒಂದು ಹಾಳೆ ಇಸಿದುಕೊಂಡು ಮಗಳ ಕೈಗೆ ಕೊಟ್ಟಳು. "ಓದು, ಏನ್ ಬರದಾರ ನೋಡೂಣು."

ಮದೀನಾ ಕೈಗಂಟಿದ ಅರಳೆಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಒಂದಕ್ಷರವೂ ತೊದಲದೆ ಓದಿದಳು. "ತಾಯಂದಿರೇ, ನಿಮ್ಮ ಹೆಣ್ಣುಮಕ್ಕಳನ್ನು ಅರ್ಧಕ್ಕೇ ಶಾಲೆ ಬಿಡಿಸಿ ಅವರ ಬಾಳನ್ನು ಕತ್ತಲೆಗೆ ನೂಕಬೇಡಿರಿ. ಎಳೆಯ ವಯಸ್ಸಿನಲ್ಲಿ ಮದುವೆ ಮಾಡಿ ಅವರ ಕೈಯೊಳಗಿನ ಪುಸ್ತಕವನ್ನು ಕಸಿದುಕೊಳ್ಳುವ ತಾಯಿ ತಾಯಿಯಲ್ಲ." ಕೆಳಗೆ ಮಾಸ್ತರರ ಹೆಸರಿತ್ತು, ಅದನ್ನೂ ಓದಿದಳು.

ತಾಜಬಿ ಹಾಳೆಯನ್ನು ಮಗಳ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು. ಆಮೇಲೆ ಹೇಳಿದಳು: "ದಾನವ್ವಾ, ನಿಮ್ಮ ಮಾಸ್ತರಿಗೆ ಹೇಳು. ತಾಯಿಗೆ ಓದಾಕ ಬರಲಿಲ್ಲ, ಮಗಳು ಓದಿ ಹೇಳಿದ್ಳು ಅಂತ ಹೇಳು."

ಅವ್ವ ಮರುದಿನ ಬೆಳಿಗ್ಗೆ ಶಾಲೆಗೆ ಹೋಗಿ, ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಆ ಒಂದು ಮಾತಿನಲ್ಲಿ ಸೇರಿಸಿ, ಅವರ ಮುಖವನ್ನೇ ನೋಡುತ್ತ ಹೇಳಿದಳು. ಮಾಸ್ತರರು ಕನ್ನಡಿಯ ಮುಂದೆ ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು. ದೊಡ್ಡ ಶಾಲೆಗೆ ವರ್ಗವಾದ ಹುಕುಂ ಅದೇ ದಿನ ಬಂದಿತ್ತು. ಅವರ ಮುಖ ಅರಳಿತು.

"ಓದದ ಏನ್ ಮಾಡತಾಳ?" ಎಂದರು. "ನಾಕನೇ ಇಯತ್ತೆ ನನ್ನ ಕೈಯಾಗ ಮೂರ ವರ್ಷ ಕಲತಾಕಿ."